ಉಸಿರಾಡಲೊಂದಿಷ್ಟು ಎಡೆ

ಕನ್ನಡ ಎಂ.ಎ. ಓದಿ, ಪುತ್ತೂರಿನ ಕಾಲೇಜೊಂದರಲ್ಲಿ ರಗಳೆ ಷಟ್ಪದಿಗಳ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೂ ಗ್ರಾಫಿಕ್ಸ್ ಕಾರ್ಡಿಗೂ ಏನು ನಂಟೆಂದು ಓದುಗರು ಹುಬ್ಬೇರಿಸಬಹುದು. ನಂಟು ರಕ್ತದ್ದೇ. ನನ್ನ ಅಕ್ಕನನ್ನು ಸುಳ್ಯದಿಂದಾಚೆ ಅರಂತೋಡಿನ ಕಡೆಗೆ ಕೊಟ್ಟಿದೆ. ಆಕೆಯ ಒಬ್ಬನೇ ಮಗನು ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದು, ಮನೆಯಲ್ಲಿದ್ದುಕೊಂಡೇ ಬದುಕುತ್ತೇನೆಂದು ಹಠ ಹಿಡಿದು ಊರಿಗೆ ಮರಳಿದವನು. ಇನ್ನೂ ಕಟ್ಟದಿರುವ ಮನೆಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ರಚಿಸಿ ವಾಸ್ತುಶಿಲ್ಪಿಗಳಿಗೆ ಕಳುಹಿಸುವುದು ಅವನ ಕಸುಬು. ಅಡಿಪಾಯವೇ ಬೀಳದ ಮನೆಯ ಜಗಲಿಯಲ್ಲಿ ಸಂಜೆಯ ಬಿಸಿಲು ಬಿದ್ದಿರುವಂತೆ ಅವನು ತೋರಿಸಬಲ್ಲನು. ಕಾವ್ಯ ಪಾಠ ಹೇಳುವ ನನಗೆ ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಕಾಣಲಿಲ್ಲ.

ಊರಿನಲ್ಲಿ ಉಳಿಯುತ್ತೇನೆಂಬ ಮಾತನ್ನು ಆಡಿದಷ್ಟು ಸುಲಭವಾಗಿ ನಡೆಸಲಾಗದು. ಭಾವನವರ ತೋಟಕ್ಕೆ ಹಳದಿ ಎಲೆ ರೋಗ ತಗಲಿದೆ. ಸಂಪಾಜೆ, ಅರಂತೋಡಿನ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯು ಅಡಿಕೆ ಮರದೊಳಗೆ ಸೇರಿದರೆ ಸೋಗೆಯು ತುದಿಯಿಂದ ಹಳದಿಯಾಗುತ್ತ ಬರುತ್ತದೆ. ಅಡಿಕೆಯ ತಿರುಳು ಕಪ್ಪಾಗುತ್ತದೆ. ಇಳುವರಿಯು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ವಾಸಿ ಮಾಡುವ ಮದ್ದಿಲ್ಲ. ಮರವು ಒಮ್ಮೆಲೆ ಸಾಯುವುದೂ ಇಲ್ಲ, ಕಡಿದು ಹಾಕಲು ಯಜಮಾನನಿಗೆ ಮನಸ್ಸು ಬರುವುದೂ ಇಲ್ಲ. ಹೀಗಿರುವಾಗ ಮಗನ ಕೋಣೆಯಲ್ಲಿ ಗುಂಯ್‌ಗುಡುವ ಯಂತ್ರದ ಮೇಲೆಯೇ ಮನೆಯ ಭಾರವು ಮೆಲ್ಲನೆ ಸರಿದು ಬಂದಿತ್ತು.

ಯಂತ್ರದ ಪ್ರಾಣವೆಂದರೆ ಎರಡು ಗ್ರಾಫಿಕ್ಸ್ ಕಾರ್ಡುಗಳು. ಎನ್ವಿಡಿಯಾ ಸಂಸ್ಥೆಯು ೨೦೨೦ರಲ್ಲಿ ಹೊರತಂದ ಆರ್‌ಟಿಎಕ್ಸ್ ೩೦೯೦ ಎಂಬ ಜಾತಿಯವು. ಹೊಸದನ್ನು ಕೊಳ್ಳುವ ತಾಕತ್ತು ಅಳಿಯನಿಗೆ ಎಲ್ಲಿಯದು? ಪುತ್ತೂರು ಸುಳ್ಯಗಳಿಂದ ಗ್ರಾಮಗಳನ್ನು ಪಡೆದು ತಾನೂ ಒಂದು ತಾಲೂಕಾಗಿರುವ ಕಡಬದಲ್ಲಿ ಒಬ್ಬ ತರುಣನಿದ್ದನು. ಅವನು ಇಂತಹ ಕಾರ್ಡುಗಳನ್ನು ಸಾಲಾಗಿ ಹೂಡಿ ಈಥೀರಿಯಂ ಎಂಬ ಅದೃಶ್ಯ ನಾಣ್ಯವನ್ನು ಗಣಿಗಾರಿಕೆ ಮಾಡುತ್ತಿದ್ದನು. ೨೦೨೨ರ ಸೆಪ್ಟೆಂಬರ್ ೧೫ರಂದು ಆ ನಾಣ್ಯದ ವ್ಯವಸ್ಥೆಯೇ ಬದಲಾಗಿ ಅಂತಹ ಗಣಿಗಾರಿಕೆಯು ಜಗತ್ತಿನಾದ್ಯಂತ ಒಂದೇ ದಿನದಲ್ಲಿ ನಿಂತುಹೋಯಿತು. ಕಾರ್ಡುಗಳು ಮಾರಾಟಕ್ಕೆ ಬಂದವು. ಅಳಿಯನು ಎರಡನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮಡಿಲ ಮೇಲಿಟ್ಟು ತಂದನು.

ಒಂದೊಂದು ಕಾರ್ಡೂ ಪೂರ್ಣ ದುಡಿಯುವಾಗ ೩೫೦ ವಾಟು ವಿದ್ಯುತ್ತನ್ನು ನುಂಗುತ್ತದೆ. ಎರಡು ಸೇರಿದರೆ ೭೦೦. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಹಗಲೂ ರಾತ್ರಿ ಉರಿಸಿಟ್ಟಂತೆಯೇ ಸರಿ. ನುಂಗಿದ್ದೆಲ್ಲವೂ ಕೊನೆಗೆ ಶಾಖವಾಗಿ ಹೊರಬರಬೇಕು. ಮದರ್‌ಬೋರ್ಡಿನ ಮೇಲೆ ಕಾರ್ಡು ಕೂರಿಸುವ ಗಾಡಿಗಳ ನಡುವಣ ಅಳತೆ ಸುಮಾರು ೨೦ ಮಿಲಿಮೀಟರು. ಈ ಕಾರ್ಡಿನ ದಪ್ಪವೋ ಅಂತಹ ಮೂರು ಗಾಡಿಗಳಷ್ಟು. ಎರಡನ್ನೂ ಪೆಟ್ಟಿಗೆಯೊಳಗೆ ಕೂರಿಸಿದರೆ ನಡುವೆ ಉಳಿಯುವುದು ಒಂದು ಬೆರಳಿನ ಎಡೆ. ಮೇಲಿನ ಕಾರ್ಡಿನ ಫ್ಯಾನುಗಳು ಕೆಳಮುಖವಾಗಿ ನಿಂತು ಆ ಬೆರಳೆಡೆಯಿಂದಲೇ ಗಾಳಿಯನ್ನು ಎಳೆದುಕೊಳ್ಳಬೇಕು. ಅಲ್ಲಿ ಇರುವುದಾದರೂ ಎಂತಹ ಗಾಳಿ? ೩೦೯೦ರ ೨೪ ಗಿಗಾಬೈಟು ಸ್ಮೃತಿಯ ಚಿಪ್ಪುಗಳಲ್ಲಿ ಅರ್ಧದಷ್ಟು ಅದರ ಬೆನ್ನಿನಲ್ಲಿವೆ. ಕೆಳಗಿನದರ ಬೆನ್ನು ಕಾದ ದೋಸೆಕಾವಲಿಯಂತಿರುತ್ತದೆ. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಇದ್ದ ಗಾಳಿಯನ್ನು ಸರಿಸುತ್ತದೆ, ಅಷ್ಟೆ. ಒಬ್ಬನು ಬಿಟ್ಟ ಉಸಿರನ್ನೇ ಇನ್ನೊಬ್ಬನು ಎಳೆದುಕೊಳ್ಳುವ ಸ್ಥಿತಿ. ಕೆಳಗಿನದು ೭೨ ಡಿಗ್ರಿಯಲ್ಲಿದ್ದಾಗ ಮೇಲಿನದು ೮೪ಕ್ಕೆ ಏರಿ, ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತಿತ್ತು.

ಇದು ಏಪ್ರಿಲಿನ ಮಾತು. ಅದೇ ವೇಳೆಗೆ ಬೆಂಗಳೂರಿನ ಒಂದು ಕಚೇರಿಯಿಂದ ಎರಡು ನಿಮಿಷದ ಚಲಚ್ಚಿತ್ರದ ಕೆಲಸ ಬಂದಿತು. ಸೆಕೆಂಡಿಗೆ ೨೫ರಂತೆ ಒಟ್ಟು ೩,೦೦೦ ಚಿತ್ರಗಳು. ವಾಯಿದೆ ಒಂಬತ್ತು ದಿನ. ಬಳಲಿದ ಯಂತ್ರವು ಸರಾಸರಿ ಐದು ನಿಮಿಷಕ್ಕೊಂದು ಚಿತ್ರ ಕೊಡುತ್ತಿತ್ತು. ಎಂದರೆ ೨೫೦ ಗಂಟೆ, ಹತ್ತು ದಿನಕ್ಕೂ ಮಿಗಿಲು. ನಾಲ್ಕು ನಿಮಿಷಕ್ಕೊಂದಾದರೆ ೨೦೦ ಗಂಟೆ, ಎಂಟು ದಿನ ಮತ್ತು ಎಂಟು ಗಂಟೆ. ಆ ಒಂದು ನಿಮಿಷದಲ್ಲಿ ಹುಡುಗನು ಊರಲ್ಲಿರುವುದೋ ಬೆಂಗಳೂರಿನ ಬಸ್ಸು ಹತ್ತುವುದೋ ಎಂಬುದು ಅಡಗಿತ್ತು. ಅಕ್ಕನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಫೋನು ಮಾಡಿ, "ನೀನು ಒಂದು ಸಲ ಬಂದು ಹೋಗು" ಎಂದಳು. ನಾನು ಹೋಗಿ ಮಾಡುವುದಾದರೂ ಏನಿತ್ತು! ಹೋದೆ.

"ಮಾವ, ದೊಡ್ಡ ಫ್ಯಾನು ಹಾಕಿದರೆ ಸಾಲದು, ಇವೆರಡನ್ನೂ ದೂರ ಮಾಡಬೇಕು" ಎಂದು ಅಳಿಯನು ವಿವರಿಸಿದನು. ದೂರ ಮಾಡಲು ಒಂದು ಸಾಧನವುಂಟು. ಅದರ ಹೆಸರು ರೈಸರ್ ಕೇಬಲು. ಒಂದು ತುದಿಯನ್ನು ಮದರ್‌ಬೋರ್ಡಿಗೂ ಇನ್ನೊಂದನ್ನು ಕಾರ್ಡಿಗೂ ಸಿಕ್ಕಿಸಿದರೆ, ಕಾರ್ಡನ್ನು ಕೇಬಲಿನ ಉದ್ದಕ್ಕೆ ಆಚೆಗೊಯ್ದು ಕೂರಿಸಬಹುದು. ಕಡಬದ ತರುಣನು ತನ್ನ ಗಣಿಯ ರೈಸರುಗಳನ್ನು ಧರ್ಮಾರ್ಥವಾಗಿ ಕೊಟ್ಟಿದ್ದನು. ಅವು ಬೇರೆ ಜಾತಿ: ಹದಿನಾರು ದಾರಿಗಳ ಬದಲು ಒಂದೇ ದಾರಿ, ವಿದ್ಯುತ್ತಿಗೆ ಪ್ರತ್ಯೇಕ ಸಾಟಾ ತಂತಿ. ಆ ತಂತಿಯ ತಾಳಿಕೆ ೫೪ ವಾಟು. ಗಾಡಿಯಿಂದ ಕಾರ್ಡು ಬೇಡಬಹುದಾದದ್ದು ೭೫ರವರೆಗೆ. ಅರ್ಧ ಗಂಟೆಯಲ್ಲಿ ಪ್ಲಾಸ್ಟಿಕ್ಕು ಕಂದಿದ ವಾಸನೆ ಬಂದು ಅಕ್ಕನೇ ಅಡುಗೆಮನೆಯಿಂದ ಓಡಿ ಬಂದಳು. ಧರ್ಮಕ್ಕೆ ಸಿಕ್ಕಿದ್ದನ್ನು ಅಲ್ಲಿಗೇ ಬಿಟ್ಟೆವು. ತರಿಸಿದ್ದು ಹದಿನಾರು ದಾರಿಯ, ಚಪ್ಪಟೆ ಪಟ್ಟಿಯಂತಹ, ಒಳಗೆ ಕವಚವಿರುವ ಕೇಬಲನ್ನು. ಉದ್ದ ೩೦ ಸೆಂಟಿಮೀಟರು, ಗೇಣಿಗಿಂತ ತುಸು ಹೆಚ್ಚು.

ಕಾರ್ಡನ್ನು ಹೊರಗೆ ತಂದ ಮೇಲೆ ಅದನ್ನು ಇರಿಸುವುದೆಲ್ಲಿ? ಅಲ್ಲಿಯವರೆಗೆ ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತ ನಿಂತಿದ್ದ ಭಾವನವರು, "ಎಷ್ಟು ಅಂತರ ಬೇಕು?" ಎಂದು ಕೇಳಿದರು. ನನಗೆ ಸೋಜಿಗವೆನಿಸಿತು. ಅಡಿಕೆ ಸಸಿಗೆ ಒಂಬತ್ತು ಅಡಿ ಅಂತರವಿರಬೇಕೆಂದು ವಿಟ್ಲದ ಸಂಶೋಧನಾ ಕೇಂದ್ರದವರು ಹೇಳುವುದನ್ನು ಕೇಳಿ, ಹತ್ತಿರ ನೆಟ್ಟು ಗಿಡಗಳನ್ನು ಸೊರಗಿಸಿದ ನೆರೆಯವರನ್ನು ಕಂಡು ಬೆಳೆದ ಮನುಷ್ಯನಿಗೆ ಇದು ಹೊಸ ವಿಷಯವೇ ಆಗಿರಲಿಲ್ಲ. (ಗಿಡಕ್ಕೆ ಬೇಕಾದದ್ದು ಬೆಳಕು ಮತ್ತು ಬೇರಿಗೆ ನೆಲ, ಕಾರ್ಡಿಗೆ ಗಾಳಿ ಎಂಬ ವ್ಯತ್ಯಾಸವನ್ನು ನಾನು ಎತ್ತಿ ತೋರಿಸಲು ಹೋಗಲಿಲ್ಲ, ಮೇಷ್ಟರ ಚಾಳಿಯನ್ನು ಎಲ್ಲ ಕಡೆ ಬಳಸಬಾರದು.) ಸಂಜೆಯೊಳಗೆ ಅವರು ರೋಗ ಹಿಡಿದ ಒಂದು ಮರವನ್ನು ಕಡಿಸಿದರು. ಎರಡು ವರ್ಷದಿಂದ ಕಡಿಯೆಂದರೆ ಕೇಳದವರು! ಹಿಂದೆ ಗಾಳಿಗೆ ಬಿದ್ದು ಒಣಗಿದ್ದ ಮರವೊಂದು ಹಟ್ಟಿಯ ಬಳಿಯಿತ್ತು; ಅದರ ಸೀಳುಗಳಿಂದ ಒಂದು ಚೌಕಟ್ಟನ್ನು ತಾವೇ ಕಟ್ಟಿದರು. ಹೊಸದಾಗಿ ಕಡಿದದ್ದು ಹಸಿ, ನೀರು ಬಿಡುತ್ತದೆ ಎಂದರು. ಹಾಗಾದರೆ ಅದನ್ನು ಏಕೆ ಕಡಿಸಿದರೆಂದು ನಾನು ಕೇಳಲಿಲ್ಲ.

ಒಂದು ಕಾರ್ಡು ಮದರ್‌ಬೋರ್ಡಿನ ಮೇಲೆಯೇ ಉಳಿಯಿತು. ಇನ್ನೊಂದು ಒಂದು ಗೇಣು ಆಚೆ ಚೌಕಟ್ಟಿನಲ್ಲಿ ನಿಂತಿತು. ಗುಂಡಿ ಒತ್ತಿದರೆ ಪರದೆ ಕಪ್ಪು. ಅಳಿಯನ ಮುಖವೂ ಕಪ್ಪಾಯಿತು. ಆದರೆ ಕಾರಣವು ಅವನಿಗೆ ಬೇಗನೆ ಹೊಳೆಯಿತು. ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕನೆಯ ತಲೆಮಾರಿನಲ್ಲಿ ಒಂದೊಂದು ದಾರಿಯ ಮೇಲೂ ಸೆಕೆಂಡಿಗೆ ೧,೬೦೦ ಕೋಟಿ ಸಂಕೇತಗಳು ಓಡುತ್ತವೆ. ದಾರಿ ಉದ್ದವಾದಷ್ಟೂ, ಜೋಡಣೆ ಹೆಚ್ಚಿದಷ್ಟೂ ಸಂಕೇತವು ಸೊರಗಿ ತಪ್ಪೋದಿಗೆ ಎಡೆಯಾಗುತ್ತದೆ. ದೂರಕ್ಕೂ ಒಂದು ಮಿತಿಯುಂಟು. ಬಯೋಸ್‌ನಲ್ಲಿ ಮೂರನೆಯ ತಲೆಮಾರಿಗೆ, ಎಂದರೆ ೮೦೦ ಕೋಟಿಗೆ, ಇಳಿಸಿದೊಡನೆ ಪರದೆ ಬೆಳಗಿತು. ವೇಗ ಅರ್ಧವಾಯಿತಲ್ಲ ಎಂದು ನಾನು ಮರುಗಿದೆ. "ಇಲ್ಲ ಮಾವ, ದೃಶ್ಯವೆಲ್ಲ ಮೊದಲೇ ಕಾರ್ಡಿನ ಸ್ಮೃತಿಗೆ ಹೋಗಿ ಕೂತಿರುತ್ತದೆ; ಆಮೇಲೆ ಲೆಕ್ಕವೆಲ್ಲ ಒಳಗೇ" ಎಂದನು. ನಿಜವಾಗಿಯೂ ಚಿತ್ರದ ವೇಗಕ್ಕೆ ಅದರಿಂದ ಎಣಿಸತಕ್ಕ ಕುಂದು ಬರಲಿಲ್ಲ. ಒಂದು ಗಂಟೆಯ ಬಳಿಕ ನೋಡಿದರೆ ಒಂದು ೬೮, ಇನ್ನೊಂದು ೬೯.

ಶಾಖವು ಕಡಿಮೆಯಾಯಿತೆಂದು ಯಾರೂ ತಿಳಿಯಬಾರದು. ಆ ೭೦೦ ವಾಟು ಹಾಗೆಯೇ ಕೋಣೆಗೆ ಬರುತ್ತಿತ್ತು, ಕಿಟಕಿಗಳೆರಡನ್ನೂ ತೆರೆದಿಡಬೇಕಾಯಿತು. ಅಕ್ಕನು ಹಲಸಿನ ಹಪ್ಪಳದ ಚಾಪೆಯನ್ನು ಮೆಲ್ಲನೆ ಅಲ್ಲಿಗೆ ಸಾಗಿಸಿದಳು. ನಡುವೆ ಎರಡು ಸಲ ಕರೆಂಟು ಹೋಗಿ ಐದಾರು ಗಂಟೆ ಕಳೆದವು. ಒಂಬತ್ತನೆಯ ದಿನ ಸಂಜೆ ನಾಲ್ಕಕ್ಕೆ ಕೊನೆಯ ಚಿತ್ರ ಮುಗಿಯಿತು. ರಾತ್ರಿ ಒಂಬತ್ತರೊಳಗೆ ಕೆಲಸವು ಬೆಂಗಳೂರು ಸೇರಿತು. ಆ ಕಚೇರಿಯವರು ಮರುವಾರವೇ ಇನ್ನೊಂದು ಕೆಲಸ ಕಳುಹಿಸಿದರು.

ತೆರೆದ ಚೌಕಟ್ಟಿಗೆ ಅದರದೇ ಶತ್ರುಗಳಿವೆ. ಮೊದಲ ಮಳೆಗೆ ದೀಪದ ಹುಳುಗಳು ಬಂದವು, ಅವನ್ನು ಹಿಡಿಯಲು ಹಲ್ಲಿ ಬಂದಿತು. ಈಗ ಸೊಳ್ಳೆಪರದೆಯ ಗವುಸು ಹೊಲಿಸಿದ್ದಾರೆ. ಅದರಿಂದ ಎರಡು ಡಿಗ್ರಿ ಏರಿದೆಯಂತೆ. ಭಾವನವರು ಚೌಕಟ್ಟಿನಲ್ಲಿ ಮೂರನೆಯದೊಂದಕ್ಕೆ ಆಗಲೇ ಜಾಗ ಬಿಟ್ಟಿದ್ದಾರೆ. ಮೊನ್ನೆ ಹೋದಾಗ ಅಳತೆಗೋಲು ಹಿಡಿದು, "ಇದಕ್ಕೂ ಗೇಣು ಸಾಕೋ, ಮಗಾ?" ಎಂದು ಕೇಳುತ್ತಿದ್ದರು.