ಎಂಟಾಣೆ ಕೊಟ್ಟವರು ಎಲ್ಲಿ?

ಬಾಗಲಕೋಟೆಯಲ್ಲಿ ಪತ್ರಿಕೋದ್ಯಮ ಓದುವ ನನ್ನ ಅಣ್ಣನ ಮಗಳು ಈ ಸಲದ ವಿಡಿಯೊ ವರದಿಗೆ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರವನ್ನು ಆರಿಸಿಕೊಂಡಳು.  

ಬನ್ನೇರುಘಟ್ಟ ಮುಗಿಸಿದವಳೇ ಹುನಗುಂದಕ್ಕೆ ಬಂದಳು. "ಕಾಕಾ, ಸಣ್ಣಾವ್ರಿದ್ದಾಗ ಕರಡಿ ಆಟ ನೋಡೀರಂತಲ್ಲ, ಕ್ಯಾಮೆರಾ ಮುಂದ ಹೇಳ್ರಿ."

ನೋಡದೇ ಏನು! ಇಳಕಲ್ಲಿನ ಓಣಿಗೆ ಕರಡಿಯವನು ಬಂದರೆ ಡಮರುವಿನ ಸದ್ದಿಗೆ ಮಗ್ಗಗಳೂ ಒಂದಷ್ಟು ಹೊತ್ತು ನಿಲ್ಲುತ್ತಿದ್ದವು. ಮೂತಿಗೆ ಚುಚ್ಚಿ ಪೋಣಿಸಿದ ಹಗ್ಗ ಜಗ್ಗಿದಾಗ ಆ ಪ್ರಾಣಿ ನೋವಿಗೆ ಹಿಂಗಾಲ ಮೇಲೆ ನಿಲ್ಲುತ್ತಿತ್ತು. ನಾವು ಅದನ್ನು ಕುಣಿತವೆಂದು ಚಪ್ಪಾಳೆ ತಟ್ಟುತ್ತಿದ್ದೆವು. ನಾಲ್ಕಾಣೆಗೆ ಕೂಸುಗಳನ್ನು ಬೆನ್ನ ಮೇಲೆ ಕೂರಿಸುತ್ತಿದ್ದ, ಎಂಟಾಣೆಗೆ ಒಂದು ಚಿಟಿಕೆ ಕೂದಲು. ರಾತ್ರಿ ಬೆಚ್ಚುತ್ತೇನೆಂದು ಆಯಿ ನನ್ನ ಕೊರಳಿಗೂ ಅದರ ತಾಯತ ಕಟ್ಟಿಸಿದ್ದಳು. ಬೆಚ್ಚುವುದು ನಿಂತಿತೋ ಇಲ್ಲವೋ, ತುರಿಕೆಯಂತೂ ಬಂತು.

ಆಮೇಲೆ ಅವಳು ತಂದದ್ದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಕೇಂದ್ರ ಶುರುವಾದದ್ದು 2005ರಲ್ಲಿ, ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಓಎಸ್ ಸಂಸ್ಥೆ ಸೇರಿ. ಕರಡಿ ಆಟಕ್ಕೆ ತಡೆ ಹಾಕಿದ ವನ್ಯಜೀವಿ ಕಾಯ್ದೆ 1972ರಲ್ಲೇ ಬಂದಿತ್ತು. ಬೀದಿಯ ಕೊನೆಯ ಕರಡಿಯೆಂದು ಹೇಳಲಾದ 'ರಾಜು' ಈ ಕೇಂದ್ರಕ್ಕೆ ಬಂದದ್ದು 2009ರ ಡಿಸೆಂಬರಿನಲ್ಲಿ. ನಡುವೆ ಮೂವತ್ತೇಳು ವರ್ಷ! ಹಗ್ಗ ಬಿಚ್ಚಿ ಎಷ್ಟೋ ಕಾಲವಾದರೂ ಕೆಲವು ಕರಡಿಗಳು ನಿಂತಲ್ಲೇ ತೂಗಾಡುತ್ತವೆ. ಮೂತಿಯ ತೂತಿನ ಗುರುತು ಕ್ಯಾಮೆರಾದಲ್ಲಿ ಸ್ಪಷ್ಟವಾಗಿತ್ತು.

ನನಗೆ ಹಿಡಿಸಿದ್ದು ಅವಳು ಹಿಡಿದು ತಂದ ಸದ್ದು. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ. ಮೂಗಿನ ಹೊಳ್ಳೆ ಮುಚ್ಚಿ, ತುಟಿಯನ್ನು ಕೊಳವೆ ಮಾಡಿ, ಆ ಸಂದಿನಿಂದ ಗೆದ್ದಲು ಹೀರುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಪಂಪ್‌ಸೆಟ್ಟು ಬಾವಿಯ ತಳ ಮುಟ್ಟಿ ಗಾಳಿ ಎಳೆದಂತೆ. ಈ ಹಲ್ಲಿನ ಸಂದು, ಉದ್ದುಗುರು ನೋಡಿಯೇ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ 1791ರಲ್ಲಿ ನಮ್ಮ ಕರಡಿಯನ್ನು ಅಮೆರಿಕದ ಸ್ಲಾತ್‌ಗಳ ಗುಂಪಿಗೆ ಸೇರಿಸಿಬಿಟ್ಟಿದ್ದ.

ಉಳಿದದ್ದರ ಬಗ್ಗೆ ನನ್ನ ತಕರಾರಿತ್ತು. ಅಳುವ ಸಂಗೀತದ ಹಿಂದೆ ಕರಡಿ ಕುಣಿಸುತ್ತಿದ್ದ ಕಲಂದರನೊಬ್ಬನೇ ಖಳನಾಯಕ. ತಾಯಿಯನ್ನು ಕೊಂದು ಮರಿ ಕದ್ದದ್ದು, ಹಲ್ಲು ಕಿತ್ತದ್ದು ಎಲ್ಲವೂ ಖರೆ. ಆದರೆ ಆ ಕುಟುಂಬಗಳಿಗೆ ತಲೆತಲಾಂತರದಿಂದ ಬೇರೆ ಕಸುಬೇ ಇರಲಿಲ್ಲ. ಬೇರೆ ದುಡಿಮೆಗೆ ನೆರವು, ಮಕ್ಕಳಿಗೆ ಶಾಲೆ ಸಿಕ್ಕ ಮೇಲೆ ಅವರೇ ಕರಡಿಗಳನ್ನು ಒಪ್ಪಿಸಿದರು. "ಎಲ್ಲಾ ಸರಿ ತಂಗೀ, ಎಂಟಾಣೆ ಕೊಟ್ಟವ್ರು ಎಲ್ಲಿ?" ಅಂದೆ.

ಹಾಗೆ ಇಳಕಲ್ಲಿನ ಅದೇ ಓಣಿಯಲ್ಲಿ ನನ್ನನ್ನೂ, ನನ್ನ ವಾರಿಗೆಯ ಇಬ್ಬರನ್ನೂ ಕೂರಿಸಿ ಚಿತ್ರೀಕರಿಸಿದಳು. ಪಕ್ಕದ ಮನೆಯ ಮಗ್ಗದ ಲಟಪಟದಲ್ಲಿ ಅರ್ಧ ಮಾತು ಮುಳುಗಿತು. ಅಳುವ ಸಂಗೀತ ತೆಗೆದು ಆ ಸದ್ದನ್ನೇ ಉಳಿಸು ಅಂದೆ. ಉಳಿಸಿದ್ದಾಳೆ.

ಜಾತ್ರೆ, ಸಂತೆಗಳಲ್ಲಿ ಯಾರಾದರೂ ಕರಡಿಯ ಕೂದಲೋ ಉಗುರೋ ಮಾರುವುದು ಕಂಡರೆ ಚೌಕಾಸಿಗೆ ನಿಲ್ಲಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.