ಮಣ್ಣಿನ ಬಣ್ಣ

ನುರಿತ ವೈದ್ಯನು ನಾಡಿ ಹಿಡಿಯುವ ಮೊದಲೇ ರೋಗಿಯ ಮುಖದ ಕಳೆಯನ್ನು ಗಮನಿಸುತ್ತಾನೆ. ಅನುಭವಿ ರೈತನೂ ನೇಗಿಲು ಹೂಡುವ ಮೊದಲು ಮಣ್ಣಿನ ಬಣ್ಣವನ್ನು ನೋಡುತ್ತಾನೆ. ಉತ್ತರ ಕರ್ನಾಟಕದ ಹಿರಿಯರು ನೆಲವನ್ನು ಎರೆ, ಮಸಾರಿ, ಚೌಳು ಎಂದು ವಿಂಗಡಿಸಿದ್ದು ಬಹುಮಟ್ಟಿಗೆ ಈ ನೋಟದಿಂದಲೇ.

ಕಲಬುರಗಿಯ ಜಗತ್ ವೃತ್ತದ ಜನಸಂದಣಿಯನ್ನು ದಾಟಿ ಕಮಲಾಪುರದ ಕಡೆಗೆ ಸಾಗುವವನಿಗೆ ಹೆಚ್ಚಾಗಿ ಕಾಣಸಿಗುವುದು ಕಪ್ಪು ಎರೆಹೊಲಗಳು. ತೊಗರಿಗೂ ಬಿಳಿಜೋಳಕ್ಕೂ ಇದು ತವರು. ಇನ್ನೂ ಮುಂದೆ ಬೀದರದ ಎತ್ತರದ ನೆಲವನ್ನು ಸೇರಿದರೆ ಜಂಬಿಟ್ಟಿಗೆಯ ಕೆಂಪು ಮಣ್ಣು. ಈ ಕೆಂಪಿಗೆ ಕಾರಣ ಕಬ್ಬಿಣ. ಗಾಳಿಯಾಡುವ, ನೀರು ಬಸಿದುಹೋಗುವ ನೆಲದಲ್ಲಿ ಕಬ್ಬಿಣದ ಅಂಶವು ತುಕ್ಕಿನ ಬಣ್ಣವನ್ನು ತಳೆಯುತ್ತದೆ. ಬಹುಕಾಲ ನೀರು ನಿಂತರೆ ಅಂಥ ಮಣ್ಣೇ ಬೂದುಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಬೇರು ಉಸಿರಾಡಲಾರದು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಪೊರೆ ಮೂಡಿದರೆ ಉಪ್ಪು ಮೇಲೆದ್ದಿರುವ ಸೂಚನೆ. ತುಂಗಭದ್ರಾ ಅಚ್ಚುಕಟ್ಟಿನ ಹಲವು ಹೊಲಗಳು ಅತಿಯಾಗಿ ನೀರು ಹಾಯಿಸಿದ್ದರಿಂದ ಈ ಗತಿಗೆ ಬಂದಿವೆ.

ಆದರೂ ಬಣ್ಣವೊಂದನ್ನೇ ನಂಬಿದವನು ಮೋಸಹೋಗುತ್ತಾನೆ. ಕಮಲಾಪುರದ ಹೆಸರಾಂತ ಕೆಂಪು ಬಾಳೆಯ ಸಿಪ್ಪೆಗೆ ಕೆಂಪು ಬಂದದ್ದು ತಳಿಯಿಂದ, ಮಣ್ಣಿನಿಂದಲ್ಲ. ಕಪ್ಪು ಮಣ್ಣೆಲ್ಲ ಫಲವತ್ತು ಎಂಬ ರೂಢಿಯ ಮಾತೂ ಪೂರ್ಣ ಸತ್ಯವಲ್ಲ. ಕೊಳೆತ ಎಲೆಗೊಬ್ಬರದಿಂದ ಮಣ್ಣು ಕಪ್ಪಾಗುವುದು ನಿಜ. ಎರೆಯಲ್ಲಾದರೋ ಸ್ವಲ್ಪವೇ ಕೊಳೆತ ಸಾರವು ಜೇಡಿಯ ಕಣಗಳಿಗೆ ಬಲವಾಗಿ ಅಂಟಿಕೊಂಡು ಮಣ್ಣನ್ನೆಲ್ಲ ಕಪ್ಪಾಗಿಸುತ್ತದೆ. ದಖ್ಖನ್ ಪ್ರಸ್ಥಭೂಮಿಯ ಎರೆಯಲ್ಲಿ ಸಾವಯವ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ 1 ಭಾಗವನ್ನೂ ಮುಟ್ಟುವುದಿಲ್ಲ. ಹೊಲ ಕಪ್ಪಗಿದೆಯೆಂದು ತಿಪ್ಪೆಗೊಬ್ಬರ ಹಾಕುವುದನ್ನು ನಿಲ್ಲಿಸಿದ ರೈತನು, ಹಿರಿಯರಿಟ್ಟ ಗಂಟು ಕರಗುತ್ತಿರುವುದನ್ನು ಅರಿಯದವನಂತೆ.

ಹಾಗಾದರೆ ನೋಡುವ ಬಗೆ ಹೇಗೆ? ಉಳದೆ ಬಿಟ್ಟ ಬದುವಿನ ಮಣ್ಣನ್ನೂ ಹೊಲದ ನಡುವಣ ಮಣ್ಣನ್ನೂ ಗೇಣಿನಷ್ಟು ಆಳ ಅಗೆದು ತೆಗೆಯಬೇಕು. ಒದ್ದೆ ಮಣ್ಣು ಒಣಮಣ್ಣಿಗಿಂತ ಕಪ್ಪಗೆ ಕಾಣುವುದರಿಂದ ಎರಡನ್ನೂ ಸಮನಾಗಿ ನೆನೆಸಬೇಕು. ಬಳಿಕ ಹೆಂಟೆಯನ್ನು ಮುರಿದು ಹಗಲ ಬೆಳಕಿನಲ್ಲಿ ಹೋಲಿಸಬೇಕು. ಬದುವಿನದಕ್ಕಿಂತ ಹೊಲದ ಮಣ್ಣು ತಿಳಿಬಣ್ಣದ್ದಾದರೆ ಸಾರ ಕುಗ್ಗಿರಬಹುದು, ಇಲ್ಲವೇ ಮೇಲ್ಮಣ್ಣು ಕೊಚ್ಚಿಹೋಗಿರಬಹುದು. ಇಳಿಜಾರಿನ ಮೇಲ್ತುದಿಯಲ್ಲಿ ಸುಣ್ಣದ ಹರಳುಗಳು ಬೆಳ್ಳಗೆ ಇಣುಕತೊಡಗಿದರೆ ಸವಕಳಿಯ ಶಂಕೆ ಇನ್ನೂ ಬಲವಾಗುತ್ತದೆ. ವಿಜ್ಞಾನಿಗಳೂ ಈ ಹೋಲಿಕೆಯನ್ನೇ ನೆಚ್ಚಿದ್ದಾರೆ. ಅಮೆರಿಕದ ಚಿತ್ರಕಲಾ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣಗಳನ್ನು ಕ್ರಮವಾಗಿ ಗುರುತಿಸುವ ಪದ್ಧತಿಯೊಂದನ್ನು ಪ್ರಕಟಿಸಿದನು. ಅದನ್ನು ಅನುಸರಿಸಿದ ಬಣ್ಣದ ಹಾಳೆಗಳನ್ನು ಅವರು ಇಂದು ಹೊಲಕ್ಕೇ ಒಯ್ಯುತ್ತಾರೆ.

ರಂಜಕದ ಕೊರತೆ, ಸತುವಿನ ಕೊರತೆಗಳನ್ನು ಮಣ್ಣಿನ ಬಣ್ಣ ಹೇಳಲಾರದು. ಅದಕ್ಕೆ ಪ್ರಯೋಗಶಾಲೆಯೇ ಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆ ಈ ನೆರವನ್ನು ರೈತನ ಬಳಿಗೆ ತಂದಿತು. ಆದರೆ ಪರೀಕ್ಷೆ ನಡೆಯುವುದು ವರ್ಷಗಳಿಗೊಮ್ಮೆ. ರೈತನ ಕಣ್ಣು ಹೊಲದ ಮೇಲಿರುವುದು ಪ್ರತಿದಿನ. ಒಂದು ಅಂಗುಲ ಮೇಲ್ಮಣ್ಣು ಕೂಡಲು ಶತಮಾನಗಳೇ ಬೇಕು; ಅದು ತೊಳೆದುಹೋಗಲು ಕೆಲವು ಬಿರುಮಳೆಗಳು ಸಾಕು. ಆ ನಷ್ಟವನ್ನು ಮೊದಲು ಕಾಣಬಲ್ಲವನು ಹೊಲದಲ್ಲಿ ನಿಂತವನೇ.