ರಿಪೇರಿಯೋ, ಬೇರೆ ಗಾಡಿಯೋ?

ಎರಡು ತಿಂಗಳ ಹಿಂದೆ ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ಮನೆ ಅಜ್ಜಿ ಬಾಗಿಲು ಬಡಿದರು. ಸೊಸೆಗೆ ಹೆರಿಗೆ ನೋವು. "ಗಾಡಿ ತೆಗೀತೀಯೇನಪ್ಪಾ?" ನಮ್ಮ ಬೀದಿಯಲ್ಲಿ ಕಾರಿರುವುದು ನನ್ನೊಬ್ಬನ ಮನೆಯಲ್ಲೇ. ಹಿರಿಯೂರು ದಾಟಿ ಚಿತ್ರದುರ್ಗದ ಹೈವೇ ಹಿಡಿದು ಹತ್ತು ನಿಮಿಷ ಆಗಿರಲಿಲ್ಲ, ಬಾನೆಟ್‌ನಿಂದ ಹಬೆ ಎದ್ದಿತು. ಗಾಡಿ ನಿಂತೇ ಹೋಯಿತು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು, ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ. ಆದರೆ ಅದು ಬರುವ ತನಕ ಆ ಹುಡುಗಿ ಸೀಟು ಹಿಡಿದುಕೊಂಡು ನರಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ತಪ್ಪು ಕಾರಿನದಲ್ಲ, ನನ್ನದು. ಒಂದು ವಾರದಿಂದ ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುತ್ತಿತ್ತು. ಸುದ್ದಿ ಕಳಿಸುವ ಗಡಿಬಿಡಿಯಲ್ಲಿ ಬಾಟಲಿ ನೀರು ಸುರಿದು ಓಡಿಸುತ್ತಿದ್ದೆ.

ನನ್ನದು 2009ರ ಮಾರುತಿ 800. 2017ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ಇದೇ ಕಾರಿನಲ್ಲಿ ಕೂತು ಮೊಬೈಲ್‌ನಲ್ಲಿ ಸುದ್ದಿ ಟೈಪ್ ಮಾಡಿದ್ದೆ. ಹಾಗಾಗಿ ಮಾರುವ ಮಾತು ಬಂದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಮನಸ್ಸಿನ ಮಾತು ಕೇಳಿ ಗಾಡಿ ಇಟ್ಟುಕೊಳ್ಳಲು ಆಗುತ್ತದೆಯೇ?

ಮೆಕ್ಯಾನಿಕ್ ಹೆಡ್ ಇಳಿಸಿ ನೋಡಿದ. ಗ್ಯಾಸ್ಕೆಟ್ ಹೋಗಿತ್ತು, ರಿಂಗೂ ಸವೆದಿತ್ತು. 22 ಸಾವಿರ ಆಗುತ್ತದೆ ಅಂದ. ಇರೋ ಹಾಗೇ ಕೊಟ್ಟರೆ 35 ಸಾವಿರಕ್ಕೆ ತಗೊಳ್ಳುವವರಿದ್ದಾರೆ ಅಂತಲೂ ಹೇಳಿದ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ ನಿಜ. ಆದರೂ ಹೊಸ ಕಾರು ನನ್ನ ಕೈಗೆ ಎಟುಕುವುದಲ್ಲ. ಹಾಗಾಗಿ ಇನ್ನೊಂದು ಸೆಕೆಂಡ್ ಹ್ಯಾಂಡ್ ನೋಡಿದೆ, 2.75 ಲಕ್ಷ.

ಅದಕ್ಕೆ ಎರಡು ಲಕ್ಷ ಸಾಲ ಬೇಕು. ಸ್ಟ್ರಿಂಗರ್‌ಗೆ ಸಂಬಳದ ಚೀಟಿ ಇರುವುದಿಲ್ಲ, ಆದ್ದರಿಂದ ನನಗೆ ಹೇಳಿದ ಬಡ್ಡಿ ಶೇ. 16. ನಾಲ್ಕು ವರ್ಷ, ತಿಂಗಳಿಗೆ ಸುಮಾರು 5,670 ರೂಪಾಯಿ ಕಂತು. ವರ್ಷಕ್ಕೆ 68 ಸಾವಿರ. ಪತ್ರಿಕೆಯಿಂದ ನನಗೆ ಬರುವುದು ತಿಂಗಳಿಗೆ ಒಂಬತ್ತು ಸಾವಿರ ದಾಟಿದರೆ ಹಬ್ಬ.

ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದೆ. ಕಳೆದ ಒಂದು ವರ್ಷ ಕಾರಿಗೆ ಹಾಕಿದ್ದು: ಬ್ಯಾಟರಿ 3,800, ಕ್ಲಚ್ ಪ್ಲೇಟ್ 4,500, ಎರಡು ಟೈರ್ 5,400, ಸೆಲ್ಫ್ ಮೋಟಾರ್ 1,600. ಒಟ್ಟು 15,300. ಈಗಿನ 22 ಸಾವಿರ ಸೇರಿಸಿದರೂ ಒಂದು ವರ್ಷದ ಕಂತಿಗಿಂತ ಬಹಳ ಕಡಿಮೆ.

ಲೆಕ್ಕ ರಿಪೇರಿ ಕಡೆಗಿತ್ತು. ಆದರೆ ಹೆಂಡತಿ ಕೇಳಿದಳು, "ಮಗು ಕೂರೋ ಕಡೆ ಕೆಳಗೆ ತುಕ್ಕು ಹಿಡಿದಿದ್ಯಲ್ಲ, ಅದರ ಲೆಕ್ಕ ಎಲ್ಲಿ?" ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಗಾಡಿಯಲ್ಲಿ ಏರ್‌ಬ್ಯಾಗೂ ಇಲ್ಲ.

ಮೆಕ್ಯಾನಿಕ್ ಕಾರನ್ನು ಎತ್ತಿ, ಮ್ಯಾಟ್ ಕಿತ್ತು, ಸ್ಕ್ರೂಡ್ರೈವರ್‌ನಿಂದ ತಳ ಕುಟ್ಟಿ ನೋಡಿದ. "ಅಣ್ಣಾ, ಎಂಜಿನ್ ಸತ್ರೆ ಬದುಕಿಸ್ಬೋದು. ತಳ ಪೂರ್ತಿ ಹೋದ್ರೆ ಗಾಡೀನೇ ಹೋದಂಗೆ. ಇದು ಒಂದು ಕಡೆ ಮಾತ್ರ ಹೋಗಿದೆ, ತಗಡು ವೆಲ್ಡ್ ಮಾಡಿದ್ರೆ ಎರಡು ವರ್ಷ ಓಡುತ್ತೆ." ಅದಕ್ಕೆ ಇನ್ನೂ ಮೂರು ಸಾವಿರ.

ಕಾಗದದ ಲೆಕ್ಕವೂ ಇದೆ. ಹದಿನೈದು ವರ್ಷ ತುಂಬಿದಾಗ 2024ರಲ್ಲಿ 5,000 ಶುಲ್ಕ ಕಟ್ಟಿ ಆರ್‌ಸಿ ನವೀಕರಿಸಿದ್ದೆ. ಅದು ಐದು ವರ್ಷಕ್ಕೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಈಗ ಶುಲ್ಕ 10,000. ಎಫ್‌ಸಿಯೂ ಆಗಬೇಕು. ಆ ಹೊತ್ತಿಗೆ ಈ ಗಾಡಿ ನನ್ನ ಹತ್ತಿರ ಇರಬಾರದು.

ಕೊನೆಗೆ 25 ಸಾವಿರ ಕೊಟ್ಟು ರಿಪೇರಿ ಮಾಡಿಸಿದೆ. ಎರಡು ವರ್ಷಕ್ಕೆ ಮಾತ್ರ. ಅಲ್ಲಿಯವರೆಗೆ ತಿಂಗಳಿಗೆ ಮೂರು ಸಾವಿರ ಬೇರೆ ಖಾತೆಗೆ ಹಾಕುವುದು, ದೂರದ ಸುದ್ದಿಗೆ ಬಸ್ಸಲ್ಲಿ ಹೋಗುವುದು. 72 ಸಾವಿರ ಕೂಡಿದರೆ ಮುಂದಿನ ಸಾಲ ಅಷ್ಟು ಸಣ್ಣದಾಗುತ್ತದೆ. ನಡುವೆ ಮತ್ತೆ ಹತ್ತು ಸಾವಿರ ದಾಟುವ ಕೆಲಸ ಬಂದರೆ ಆವತ್ತೇ ಮಾರುವುದು.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ ಎಂಜಿನ್‌ಗಿಂತ ಮೊದಲು ತಳ ತೋರಿಸಿ. ಖರ್ಚನ್ನು ಬರೆದಿಡಿ.

ಮೊನ್ನೆ ನಾಮಕರಣದಲ್ಲಿ ಅಜ್ಜಿ ಕೇಳಿದರು, "ಗಾಡಿ ಸರಿ ಆಯ್ತೇನಪ್ಪಾ?"

"ಆಯ್ತಜ್ಜಿ. ಆದ್ರೆ ಇನ್ಮೇಲೆ ರಾತ್ರಿ ಹೊತ್ತು ಮೊದ್ಲು 108ಕ್ಕೆ ಫೋನ್ ಮಾಡಿ. ಆಮೇಲೆ ನನ್ನ ಬಾಗಿಲು ಬಡೀರಿ."